ತಾರಸಿ ಕೈತೋಟ: ಔಷಧಿಗಿಂತ ಮೊದಲು ಮಣ್ಣು

ಕೈತೋಟ ಶುರು ಮಾಡಿದವರು ಹೆಚ್ಚಾಗಿ ಕೇಳುವ ಪ್ರಶ್ನೆ ಒಂದೇ: "ಎಲೆ ಮುದುಡಿದೆ, ಏನು ಹೊಡೀಲಿ?" ಬೇವಿನ ಎಣ್ಣೆಯೋ, ಹುಳಿ ಮಜ್ಜಿಗೆಯೋ, ಬೆಳ್ಳುಳ್ಳಿ ಕಷಾಯವೋ ಎಂಬ ಚರ್ಚೆ ಅಲ್ಲಿಂದ ಶುರುವಾಗುತ್ತದೆ. ಕುಂಡದೊಳಗಿನ ಮಣ್ಣು ಹೇಗಿದೆ ಎಂದು ಕೇಳುವವರು ಕಡಿಮೆ. ಗಾಳಿ ಆಡದ, ನೀರು ಇಳಿಯದ ಮಣ್ಣಿನಲ್ಲಿ ಬೇರು ಒದ್ದಾಡುತ್ತಿರುವಾಗ ಎಲೆಗೆ ಏನು ಹೊಡೆದರೂ ಅಷ್ಟಕ್ಕಷ್ಟೆ. ಆದ್ದರಿಂದ ಇಲ್ಲಿ ಮಣ್ಣು, ಗೊಬ್ಬರದ ಮಾತಿಗೆ ಜಾಗ ಹೆಚ್ಚು ಕೊಟ್ಟಿದ್ದೇನೆ, ಸಿಂಪಡಣೆಗೆ ಕಡಿಮೆ.

ಬರೆಯುವಾಗ ಮನಸ್ಸಿನಲ್ಲಿದ್ದದ್ದು ಬೆಂಗಳೂರಿನ ತಾರಸಿ, ಬಾಲ್ಕನಿಗಳು. ಮೈಸೂರು, ತುಮಕೂರು, ಹಾಸನದವರಿಗೂ ಬಹುಪಾಲು ಹೊಂದುತ್ತದೆ. ಕರಾವಳಿ, ಮಲೆನಾಡು, ಉತ್ತರ ಕರ್ನಾಟಕದವರಿಗೆ ಎಲ್ಲಿ ಬೇರೆಯಾಗುತ್ತದೋ ಅಲ್ಲಿ ಹೇಳಿದ್ದೇನೆ.

ಮೊದಲು ಬಿಸಿಲು ನೋಡಿ

ಕುಂಡ ಕೊಳ್ಳುವ ಮೊದಲು ಒಂದು ರಜೆಯ ದಿನ ಬೆಳಿಗ್ಗೆ, ಮಧ್ಯಾಹ್ನ, ಸಂಜೆ ತಾರಸಿಗೆ ಹೋಗಿ ಎಲ್ಲಿ ಎಷ್ಟು ಹೊತ್ತು ಬಿಸಿಲು ಬೀಳುತ್ತದೆ ಎಂದು ಗುರುತು ಹಾಕಿಕೊಳ್ಳಿ. ಟೊಮೆಟೊ, ಬದನೆ, ಬೆಂಡೆ, ಮೆಣಸಿನಕಾಯಿಯಂತಹ ಕಾಯಿ ಬಿಡುವ ಗಿಡಗಳಿಗೆ ದಿನಕ್ಕೆ 6 ಗಂಟೆ ನೇರ ಬಿಸಿಲು ಬೇಕೇ ಬೇಕು. ಸೊಪ್ಪುಗಳಿಗೆ 3-4 ಗಂಟೆ ಸಾಕು. ದೊಡ್ಡಪತ್ರೆ, ಒಂದೆಲಗ, ಪುದೀನ ಅದಕ್ಕಿಂತ ಕಡಿಮೆಯಲ್ಲೂ ಬದುಕುತ್ತವೆ.

ಬಾಲ್ಕನಿಯವರಿಗೆ ಒಂದು ಮಾತು. ಬೆಂಗಳೂರು ಇರುವುದು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ ಕೊನೆಯ ವಾರದಿಂದ ಆಗಸ್ಟ್ ಮಧ್ಯದವರೆಗೆ ನಡುಮಧ್ಯಾಹ್ನದ ಸೂರ್ಯ ನಮ್ಮ ನೆತ್ತಿಯಿಂದ ಉತ್ತರಕ್ಕೆ ಸರಿದಿರುತ್ತಾನೆ. ಹಾಗಾಗಿ ಚಳಿಗಾಲದಲ್ಲಿ ಬಿಸಿಲು ತುಂಬಿ ತುಳುಕುವ ದಕ್ಷಿಣದ ಬಾಲ್ಕನಿ ಜೂನ್‌ನಲ್ಲಿ ನೆರಳಾಗುತ್ತದೆ. ಉತ್ತರದ ಬಾಲ್ಕನಿಗೆ ಆಗ ಬಿಸಿಲು ಸಿಗುತ್ತದೆ. ಡಿಸೆಂಬರಿನಲ್ಲಿ ಚೆನ್ನಾಗಿ ಬಂದ ಟೊಮೆಟೊ ಜೂನ್‌ನಲ್ಲಿ ಅದೇ ಜಾಗದಲ್ಲಿ ಬರೀ ಎತ್ತರಕ್ಕೆ ಬೆಳೆದು ಸೊರಗಿದರೆ ಗೊಬ್ಬರವನ್ನು ಬೈಯಬೇಡಿ.

ಕುಂಡ ಮತ್ತು ತೂಕದ ಲೆಕ್ಕ

ಸೊಪ್ಪಿಗೆ ಆಳ ಬೇಡ, ಅಗಲ ಬೇಕು. 6 ರಿಂದ 8 ಇಂಚು ಆಳದ ಹಳೆಯ ಟಬ್ಬು, ಹಣ್ಣಿನ ಕ್ರೇಟು ಸಾಕು. ಕ್ರೇಟಿನೊಳಗೆ ಗೋಣಿಚೀಲ ಹಾಸಿದರೆ ಮಣ್ಣು ಸೋರುವುದಿಲ್ಲ. ಮೆಣಸಿನಕಾಯಿ, ಬೆಂಡೆ, ಬೀನ್ಸ್‌ಗೆ 12 ಇಂಚಿನ ಗ್ರೋ ಬ್ಯಾಗ್ ಅಥವಾ 20 ಲೀಟರಿನ ಪೇಂಟ್ ಬಕೆಟ್. ಟೊಮೆಟೊ, ಬದನೆ, ಬಳ್ಳಿ ತರಕಾರಿಗಳಿಗೆ 15 ಇಂಚಿನದು. ಪೇಂಟ್ ಬಕೆಟ್ ಆದರೆ ಚೆನ್ನಾಗಿ ತೊಳೆದು ತಳದಲ್ಲಿ ಐದಾರು ತೂತು ಹಾಕಿ. ತೂತಿನ ಮೇಲೆ ಒಂದು ಹೆಂಚಿನ ಚೂರು ಅಥವಾ ತೆಂಗಿನ ನಾರು ಇಟ್ಟರೆ ಸಾಕು. ಅರ್ಧ ಬಕೆಟ್ ಜಲ್ಲಿ ತುಂಬುವ ಅಭ್ಯಾಸ ಬೇಡ, ಅದರಿಂದ ಬೇರಿಗೆ ಜಾಗ ಕಡಿಮೆಯಾಗಿ ತಾರಸಿಗೆ ಭಾರ ಹೆಚ್ಚಾಗುತ್ತದೆ ಅಷ್ಟೆ.

ಭಾರದ ವಿಷಯ ಹಗುರವಾಗಿ ತೆಗೆದುಕೊಳ್ಳಬೇಡಿ. 12 ಇಂಚು ಅಗಲ, 12 ಇಂಚು ಎತ್ತರದ ಒಂದು ಚೀಲಕ್ಕೆ ಸುಮಾರು 22 ಲೀಟರ್ ಹಿಡಿಯುತ್ತದೆ. ಅದರಲ್ಲಿ ಬರೀ ಕೆಂಪು ಮಣ್ಣು ತುಂಬಿ ನೀರು ಹಾಕಿದರೆ 35 ಕೆಜಿ ದಾಟುತ್ತದೆ. ತೆಂಗಿನ ನಾರಿನ ಪುಡಿ, ಕಾಂಪೋಸ್ಟ್ ಬೆರೆಸಿದ ಮಿಶ್ರಣವಾದರೆ 20 ಕೆಜಿ ಆಸುಪಾಸು. ಐವತ್ತು ಚೀಲ ಇಡುವವರಿಗೆ ಇದು ಮುಕ್ಕಾಲು ಟನ್ನಿನ ವ್ಯತ್ಯಾಸ. ದೊಡ್ಡ ಕುಂಡಗಳನ್ನು ತಾರಸಿಯ ನಡುವೆ ಗುಂಪಾಗಿ ಇಡದೆ ಗೋಡೆ, ತೊಲೆಗಳ ಮೇಲೆ ಬರುವಂತೆ ಅಂಚಿನಲ್ಲಿ ಸಾಲಾಗಿಡಿ. ಪ್ರತಿ ಕುಂಡದ ಕೆಳಗೂ ಎರಡು ಇಟ್ಟಿಗೆ ಇಟ್ಟರೆ ನೀರು ನಿಲ್ಲುವುದಿಲ್ಲ, ಗಾರೆ ಪಾಚಿಗಟ್ಟುವುದಿಲ್ಲ. ಹಳೆಯ ಮನೆ, ಮೊದಲೇ ಸೋರುವ ತಾರಸಿ ಆಗಿದ್ದರೆ ಮೊದಲು ಅದನ್ನು ಸರಿಮಾಡಿಸಿ, ಆಮೇಲೆ ತೋಟ.

ಮಣ್ಣಿನ ಮಿಶ್ರಣ

ನಮ್ಮ ಕಡೆಯ ಕೆಂಪು ಮಣ್ಣು ನೆಲದಲ್ಲಿ ಚೆನ್ನಾಗಿರುತ್ತದೆ, ಕುಂಡದಲ್ಲಿ ಒಂದೇ ಬೇಸಿಗೆಗೆ ಗಟ್ಟಿಯಾಗುತ್ತದೆ. ನೀರು ಹಾಕಿದರೆ ಮೇಲೆ ನಿಂತು, ಆಮೇಲೆ ಕುಂಡದ ಗೋಡೆಗುಂಟ ಕೆಳಗೆ ಹರಿದುಹೋಗುತ್ತದೆ. ನಡುವಿನ ಮಣ್ಣು ಒಣಗಿಯೇ ಇರುತ್ತದೆ. ಅದಕ್ಕೆ ಮಿಶ್ರಣ ಬೇಕು.

ನಾನು ಹೇಳುವ ಅಳತೆ ಸರಳ: ಕೆಂಪು ಮಣ್ಣು ಒಂದು ಪಾಲು, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಅಥವಾ ಎರೆಗೊಬ್ಬರ ಒಂದು ಪಾಲು, ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಒಂದು ಪಾಲು. ಒಂದು 12 ಇಂಚಿನ ಚೀಲಕ್ಕೆ ಒಂದು ಹಿಡಿ ಬೇವಿನ ಹಿಂಡಿ. ಹೊಂಗೆ ಹಿಂಡಿ ಸಿಕ್ಕರೆ ಅರ್ಧ ಹಿಡಿ ಅದನ್ನೂ ಸೇರಿಸಿ. ಗೊಬ್ಬರದಂಗಡಿಯಲ್ಲಿ ಅಗ್ಗಕ್ಕೆ ಸಿಗುತ್ತದೆ. ಎಲ್ಲವನ್ನೂ ಬೆರೆಸಿ, ಸ್ವಲ್ಪ ನೀರು ಚಿಮುಕಿಸಿ, ಗೋಣಿಚೀಲ ಮುಚ್ಚಿ ನೆರಳಿನಲ್ಲಿ ಹತ್ತು ಹದಿನೈದು ದಿನ ಬಿಡಿ. ಹಿಂಡಿ ಕೊಳೆಯುವಾಗ ಬಿಸಿ ಏಳುತ್ತದೆ, ತಕ್ಷಣ ಸಸಿ ನೆಟ್ಟರೆ ಎಳೆಯ ಬೇರು ಸುಡುತ್ತದೆ.

ಹದ ಬಂದಿದೆಯೇ ಎಂದು ಕೈಯಲ್ಲೇ ನೋಡಿ. ಒದ್ದೆ ಮಿಶ್ರಣವನ್ನು ಮುಷ್ಟಿಯಲ್ಲಿ ಹಿಡಿದು ಅದುಮಿ. ಉಂಡೆ ಕಟ್ಟಬೇಕು, ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿದರೆ ಉದುರಬೇಕು. ಉಂಡೆ ಒಡೆಯದೆ ಬೆರಳಚ್ಚು ಮೂಡಿದರೆ ಜೇಡಿ ಹೆಚ್ಚಾಗಿದೆ, ಕೋಕೋಪೀಟ್ ಸೇರಿಸಿ. ಉಂಡೆಯೇ ಕಟ್ಟದಿದ್ದರೆ ಮಣ್ಣು, ಗೊಬ್ಬರ ಸೇರಿಸಿ.

ಕೋಕೋಪೀಟ್ ಇಟ್ಟಿಗೆಯ ರೂಪದಲ್ಲಿ ಸಿಗುತ್ತದೆ. 5 ಕೆಜಿಯ ಇಟ್ಟಿಗೆ ನೀರು ಕುಡಿದು 60-70 ಲೀಟರಿನಷ್ಟು ಉಬ್ಬುತ್ತದೆ, ಸಣ್ಣ ಬಕೆಟ್ಟಿನಲ್ಲಿ ನೆನೆಸಲು ಹೋಗಬೇಡಿ. ಅಗ್ಗದ ಕೋಕೋಪೀಟಿನಲ್ಲಿ ಉಪ್ಪಿನಂಶ ಇರುತ್ತದೆ. ನೆನೆಸಿ, ನೀರು ಬಸಿದು, ಮತ್ತೆ ನೆನೆಸಿ, ಮತ್ತೆ ಬಸಿದು ಬಳಸಿ. ಕಂದು ನೀರು ತಿಳಿಯಾಗುತ್ತ ಬಂದರೆ ಸಾಕು. ಇದರಲ್ಲಿ ಗಿಡಕ್ಕೆ ಆಹಾರವೇನೂ ಇಲ್ಲ, ತೇವ ಹಿಡಿದಿಡುವುದಷ್ಟೇ ಅದರ ಕೆಲಸ. ಹಗುರ ಎಂದು ಮುಕ್ಕಾಲು ಚೀಲ ಅದನ್ನೇ ತುಂಬಿದರೆ ಗಿಡ ಹಸಿದು ಹಳದಿಯಾಗುತ್ತದೆ.

ಹಸಿ ಸಗಣಿಯನ್ನು ಹಾಗೆಯೇ ಎಂದಿಗೂ ಕುಂಡಕ್ಕೆ ಹಾಕಬೇಡಿ. ಅರೆಬರೆ ಕಳಿತ ಗೊಬ್ಬರದ ಜೊತೆ ಗೊಣ್ಣೆಹುಳು ಬರುತ್ತದೆ. ದಪ್ಪ, ಬಿಳಿ, ಮೈ ಬಗ್ಗಿಸಿಕೊಂಡು ಮಲಗಿರುವ ಹುಳು. ಅದು ಬೇರು ತಿನ್ನುತ್ತ ಒಳಗಿರುತ್ತದೆ, ಗಿಡ ಯಾಕೆ ಬಾಡುತ್ತಿದೆ ಎಂದು ನಾವು ಮೇಲೆ ಹುಡುಕುತ್ತಿರುತ್ತೇವೆ. ಕೊಟ್ಟಿಗೆ ಗೊಬ್ಬರ ಕನಿಷ್ಠ ಆರು ತಿಂಗಳು ಕಳಿತಿರಬೇಕು, ಕಪ್ಪಾಗಿ, ಪುಡಿಪುಡಿಯಾಗಿ, ಸಗಣಿಯ ವಾಸನೆಯೇ ಇಲ್ಲದಂತಿರಬೇಕು. ತಂದ ಮೇಲೆ ಒಮ್ಮೆ ಜರಡಿ ಹಿಡಿಯಿರಿ.

ಕರಾವಳಿ, ಮಲೆನಾಡಿನ ಮುರಕಲ್ಲು ಮಣ್ಣು ಹುಳಿಯಾಗಿರುತ್ತದೆ. ಅಲ್ಲಿನವರು ಸುಡುಮಣ್ಣು, ಒಲೆಯ ಬೂದಿ ಬಳಸಿಕೊಂಡು ಬಂದದ್ದಕ್ಕೆ ಕಾರಣವಿದೆ: ಬೂದಿ ಹುಳಿ ತಗ್ಗಿಸುತ್ತದೆ, ಪೊಟ್ಯಾಶ್ ಕೊಡುತ್ತದೆ. ಆದರೆ ಅದೇ ಬೂದಿಯನ್ನು ಧಾರವಾಡ, ಗದಗ, ವಿಜಯಪುರದ ಎರೆ ಮಣ್ಣಿಗೆ ಹಿಡಿಗಟ್ಟಲೆ ಹಾಕಬಾರದು. ಎರೆ ಮಣ್ಣು ಮೊದಲೇ ಕ್ಷಾರ, ಇನ್ನಷ್ಟು ಹಾಕಿದರೆ ಗಿಡಕ್ಕೆ ಕಬ್ಬಿಣ, ಸತು ಸಿಗದೆ ಎಳೆಯ ಎಲೆ ಬಿಳಚಿಕೊಳ್ಳುತ್ತದೆ. ಎರೆ ಮಣ್ಣಿನವರು ಮಣ್ಣಿನ ಪಾಲು ಅರ್ಧ ಮಾಡಿ ಮರಳು, ಕಾಂಪೋಸ್ಟ್ ಹೆಚ್ಚಿಸಿಕೊಳ್ಳಿ.

ಅಡುಗೆಮನೆಯ ಕಸ, ಮನೆಯ ಗೊಬ್ಬರ

ಎರಡು ಡಬ್ಬ ಬೇಕು: ಒಂದು ತುಂಬುತ್ತಿರುವಾಗ ಇನ್ನೊಂದು ಕಳಿಯುತ್ತಿರಬೇಕು. ಮುಚ್ಚಳವಿರುವ 40-50 ಲೀಟರಿನ ಪ್ಲಾಸ್ಟಿಕ್ ಡ್ರಮ್ಮು ತೆಗೆದುಕೊಂಡು, ಪಕ್ಕಗಳಲ್ಲಿ ಗಾಳಿಗೆ, ತಳದಲ್ಲಿ ನೀರು ಬಸಿಯಲು ತೂತು ಹಾಕಿ. ತಳಕ್ಕೆ ಒಂದು ಗೇಣು ತರಗೆಲೆ. ಅದರ ಮೇಲೆ ದಿನದ ತರಕಾರಿ ಸಿಪ್ಪೆ, ಹಣ್ಣಿನ ಸಿಪ್ಪೆ, ಚಹಾ ಚರಟ, ಕಾಫಿ ಚರಟ, ಒಣಗಿದ ಹೂವು. ಅದರ ಮೇಲೆ ಅಷ್ಟೇ ಗಾತ್ರದ ತರಗೆಲೆ ಅಥವಾ ಹರಿದ ರಟ್ಟು. ಸ್ವಲ್ಪ ಹುಳಿ ಮಜ್ಜಿಗೆ ಅಥವಾ ಹಳೆಯ ಗೊಬ್ಬರ ಒಂದು ಹಿಡಿ ಹಾಕಿದರೆ ಕಳಿಯುವುದು ಬೇಗ ಶುರುವಾಗುತ್ತದೆ. ವಾರಕ್ಕೆರಡು ಸಲ ಕೋಲಿನಿಂದ ಕೆದಕಿ. ತುಂಬಿದ ಮೇಲೆ ಎರಡರಿಂದ ಮೂರು ತಿಂಗಳಲ್ಲಿ ಗೊಬ್ಬರ ಸಿದ್ಧ.

ಬಹುತೇಕರು ಸೋಲುವುದು ತರಗೆಲೆಯ ವಿಷಯದಲ್ಲಿ. ಹಸಿ ಕಸ ಮನೆಯಲ್ಲಿ ದಿನವೂ ಹುಟ್ಟುತ್ತದೆ, ಒಣ ಎಲೆ ಹುಟ್ಟುವುದಿಲ್ಲ. ಜನವರಿಯಿಂದ ಮಾರ್ಚ್‌ವರೆಗೆ ರಸ್ತೆ ತುಂಬ ಎಲೆ ಉದುರುತ್ತದೆ, ಆಗ ಗುಡಿಸಿ ಸುಡುವವರಿಂದ ನಾಲ್ಕಾರು ಗೋಣಿಚೀಲ ತುಂಬಿಸಿಟ್ಟುಕೊಳ್ಳಿ. ವರ್ಷಕ್ಕೆ ಬರುತ್ತದೆ. ಎಲೆ ಇಲ್ಲದೆ ಬರೀ ಸಿಪ್ಪೆ ತುಂಬಿದ ಡಬ್ಬ ನಾರುತ್ತದೆ, ಮನೆಯವರ ವಿರೋಧ ಅಲ್ಲಿಂದಲೇ ಶುರು. ನಾತ ಬಂದರೆ ಮದ್ದು ಒಂದೇ, ಇನ್ನಷ್ಟು ಒಣ ಎಲೆ ಹಾಕಿ ಕೆದಕುವುದು. ಒಳಗಿನದು ಹಿಂಡಿಟ್ಟ ಬಟ್ಟೆಯಷ್ಟು ತೇವವಾಗಿದ್ದರೆ ಸರಿ. ದಪ್ಪ ಬಿಳಿ ಅಥವಾ ಕಂದು ಹುಳಗಳು ಕಿಲಬಿಲ ಎನ್ನುತ್ತಿದ್ದರೆ ಗಾಬರಿ ಬೇಡ; ಅವು ಕಪ್ಪು ಸೈನಿಕ ನೊಣದ ಮರಿಗಳು, ಕಸವನ್ನು ತಿಂದು ಬೇಗ ಕರಗಿಸುತ್ತವೆ. ಎಣ್ಣೆ, ಉಪ್ಪು ಬಿದ್ದ ಅಡುಗೆ, ಮಾಂಸ, ಮೀನಿನ ಮುಳ್ಳು ಇದಕ್ಕೆ ಹಾಕಬೇಡಿ, ಹೆಗ್ಗಣ ಹುಡುಕಿಕೊಂಡು ಬರುತ್ತದೆ.

ಏನು ಬೆಳೆಯಬೇಕು, ಯಾವಾಗ

ಈರುಳ್ಳಿ, ಆಲೂಗಡ್ಡೆ, ಹೂಕೋಸು ಕುಂಡದಲ್ಲಿ ಬೆಳೆದು ತೋರಿಸುವವರಿದ್ದಾರೆ. ಆಸೆಯಾದರೆ ಮಾಡಿ. ಆದರೆ ಜಾಗ, ಶ್ರಮದ ಲೆಕ್ಕ ಹಾಕಿದರೆ ಕೈತೋಟಕ್ಕೆ ತಕ್ಕವು ಸೊಪ್ಪುಗಳು, ಮೆಣಸಿನಕಾಯಿ, ಬದನೆ, ತೊಂಡೆ, ಅಲಸಂದೆ, ಬಸಳೆ, ಕರಿಬೇವು. ಸೊಪ್ಪಿನಿಂದ ಶುರು ಮಾಡಿ. ಹರಿವೆ, ಮೆಂತ್ಯ 25-30 ದಿನಕ್ಕೆ ಕೀಳಲು ಬರುತ್ತವೆ, ಹುಮ್ಮಸ್ಸು ಆರುವುದರೊಳಗೆ ಸಾರಿಗೆ ಬೀಳುತ್ತದೆ. ಮೂಲಂಗಿಗೆ 40-45 ದಿನ, ಬೆಂಡೆ, ಬೀನ್ಸ್‌ಗೆ 45-50 ದಿನ. ಟೊಮೆಟೊ, ಬದನೆ ಸಸಿ ನೆಟ್ಟ ಮೇಲೆ ಎರಡು ತಿಂಗಳಿಗೂ ಮೀರಿ ಕಾಯಬೇಕು. ತೊಂಡೆಯ ಬಳ್ಳಿ, ಬಸಳೆಯ ಕಡ್ಡಿ ಒಮ್ಮೆ ನೆಟ್ಟರೆ ವರ್ಷಗಟ್ಟಲೆ ಕೊಡುತ್ತವೆ.

ಬೀಜ ಕೊಳ್ಳಲು ಬೆಂಗಳೂರಿನವರಿಗೆ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಹತ್ತಿರದಲ್ಲೇ ಇದೆ. ಅಲ್ಲಿನ ತಳಿಗಳೆಲ್ಲ "ಅರ್ಕಾ" ಹೆಸರಿನವು: ಬೆಂಡೆಯಲ್ಲಿ ಅರ್ಕಾ ಅನಾಮಿಕ, ಹರಿವೆಯಲ್ಲಿ ಅರ್ಕಾ ಸುಗುಣ, ಬೀನ್ಸ್‌ನಲ್ಲಿ ಅರ್ಕಾ ಕೋಮಲ್. ಟೊಮೆಟೊದಲ್ಲಿ ಅರ್ಕಾ ರಕ್ಷಕ್ ಎಲೆ ಮುದುಡು ರೋಗ, ಸೊರಗು ರೋಗ, ಎಲೆ ಅಂಗಮಾರಿ ಮೂರನ್ನೂ ತಾಳಿಕೊಳ್ಳುವಂತೆ ಮಾಡಿದ ಹೈಬ್ರಿಡ್. ಹೈಬ್ರಿಡ್ ಆದ್ದರಿಂದ ಅದರ ಹಣ್ಣಿನ ಬೀಜ ಎತ್ತಿಟ್ಟು ಬಿತ್ತಿದರೆ ಅದೇ ಗುಣ ಬರುವುದಿಲ್ಲ.

ಕಾಲಕ್ಕೆ ಬಂದರೆ, ಬೆಂಗಳೂರಿನ ಕಡೆ ಜೂನ್‌ನಿಂದ ಫೆಬ್ರವರಿವರೆಗೆ ಬಹುತೇಕ ಎಲ್ಲವೂ ಬರುತ್ತದೆ. ಸೆಪ್ಟೆಂಬರ್, ಅಕ್ಟೋಬರ್ ಮಳೆಯಲ್ಲಿ ಸೊಪ್ಪು ಕೊಳೆಯುತ್ತದೆ, ಆಗ ಕುಂಡಗಳನ್ನು ಸೂರಿನ ಕೆಳಗೆ ಸರಿಸಿ. ಮಾರ್ಚ್‌ನಿಂದ ಮೇ ತಿಂಗಳವರೆಗೆ ಹರಿವೆ, ಬೆಂಡೆ, ಅಲಸಂದೆ ಬಿಟ್ಟರೆ ಉಳಿದವಕ್ಕೆ 50 ಶೇಕಡಾ ನೆರಳು ಪರದೆ ಬೇಕಾಗುತ್ತದೆ; ಕೊತ್ತಂಬರಿಯಂತೂ ಸೆಖೆಗೆ ಎಲೆ ಬಿಡುವ ಮೊದಲೇ ಹೂ ಬಿಡುತ್ತದೆ. ಕರಾವಳಿಯಲ್ಲಿ ಲೆಕ್ಕವೇ ಬೇರೆ: ಬೆಂಡೆ, ಅಲಸಂಡೆ, ಹೀರೆ, ಮುಳ್ಳುಸೌತೆಯನ್ನು ಮಳೆ ಹಿಡಿಯುವ ಮೊದಲೇ ಏರು ಮಡಿಯಲ್ಲಿ ಎಬ್ಬಿಸಬೇಕು, ಬದನೆ, ಹರಿವೆಯ ಕಾಲ ಮಳೆ ನಿಂತ ಮೇಲೆ.

ಅವರೆಯ ಬಗ್ಗೆ ಒಂದು ಮಾತು, ಏಕೆಂದರೆ ಪ್ರತಿ ವರ್ಷ ಯಾರಾದರೂ ಕೇಳುತ್ತಾರೆ. ನಾಟಿ ಅವರೆ ಹಗಲು ಚಿಕ್ಕದಾದಾಗ ಮಾತ್ರ ಹೂ ಬಿಡುವ ಜಾತಿ. ಮಳೆಗಾಲದಲ್ಲಿ ಬಿತ್ತಿದರೆ ನವೆಂಬರ್ ಹೊತ್ತಿಗೆ ಹೂವು, ಸಂಕ್ರಾಂತಿಗೆ ಕಾಯಿ. ಫೆಬ್ರವರಿಯಲ್ಲಿ ಬಿತ್ತಿದರೆ ಬಳ್ಳಿ ಮನೆಯೆಲ್ಲ ಹಬ್ಬುತ್ತದೆ, ಒಂದು ಕಾಯಿ ಬಿಡುವುದಿಲ್ಲ. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಹೆಬ್ಬಾಳ ಅವರೆ-3, ಹೆಬ್ಬಾಳ ಅವರೆ-4 ತಳಿಗಳಿಗೆ ಈ ಹಂಗಿಲ್ಲ, ವರ್ಷದ ಯಾವಾಗ ಬಿತ್ತಿದರೂ ಹೂ ಬಿಡುತ್ತವೆ, ಗಿಡವೂ ಕುಳ್ಳು. ಸೊಗಡೇ ಮುಖ್ಯ ಎನ್ನುವವರು ನಾಟಿಗೇ ಅಂಟಿಕೊಳ್ಳಲಿ, ನಾನೂ ಆ ಪಕ್ಷವೇ.

ಬಿತ್ತುವುದು, ನೆಡುವುದು

ಬೀಜದ ದಪ್ಪದ ಎರಡು ಮೂರರಷ್ಟು ಆಳ ಸಾಕು. ಬೆಂಡೆ, ಹಾಗಲ, ಪಡವಲದ ಬೀಜಗಳನ್ನು ರಾತ್ರಿ ನೆನೆಸಿ ಬಿತ್ತಿ. ಅಡುಗೆಮನೆಯ ಮೆಂತ್ಯ ಹಾಗೆಯೇ ಹುಟ್ಟುತ್ತದೆ. ದನಿಯವನ್ನು ಲಟ್ಟಣಿಗೆಯಿಂದ ಮೆಲ್ಲಗೆ ಉರುಳಿಸಿ ಎರಡು ಹೋಳಾಗಿಸಿ ಬಿತ್ತಬೇಕು, ಒಂದು ಕಾಳಿನಲ್ಲಿ ಎರಡು ಬೀಜವಿರುತ್ತದೆ. ಹರಿವೆ ಬೀಜ ಬಹಳ ಸಣ್ಣದು, ಒಂದು ಚಮಚಕ್ಕೆ ಒಂದು ಹಿಡಿ ಮರಳು ಬೆರೆಸಿ ಉದುರಿಸಿದರೆ ಒಂದೇ ಕಡೆ ಗುಂಪಾಗುವುದಿಲ್ಲ. ಬೀಜವನ್ನು ಇರುವೆ ಹೊತ್ತೊಯ್ಯುತ್ತಿದ್ದರೆ ಸುತ್ತ ಒಂದಿಷ್ಟು ರವೆ ಚೆಲ್ಲಿ, ಅವು ರವೆ ಹೊರುವ ಕೆಲಸದಲ್ಲಿರುವಾಗ ಬೀಜ ಮೊಳೆತಿರುತ್ತದೆ.

ಟೊಮೆಟೊ, ಬದನೆ, ಮೆಣಸಿನಕಾಯಿಯನ್ನು ಸಣ್ಣ ಲೋಟಗಳಲ್ಲಿ ಮೊಳೆಸಿ, 25-30 ದಿನಕ್ಕೆ ನಾಲ್ಕೈದು ಎಲೆ ಬಂದಾಗ ಸಂಜೆ ಹೊತ್ತು ದೊಡ್ಡ ಕುಂಡಕ್ಕೆ ಬದಲಿಸಿ. ಟೊಮೆಟೊ ಸಸಿಯನ್ನು ಕೆಳಗಿನ ಎಲೆ ಕಿತ್ತು, ಕಾಂಡ ಅರ್ಧ ಮುಚ್ಚುವಷ್ಟು ಆಳಕ್ಕೆ ನೆಡಿ. ಹೂತ ಕಾಂಡದಲ್ಲೂ ಬೇರು ಬಿಡುತ್ತದೆ. ಬದನೆ, ಮೆಣಸಿಗೆ ಹೀಗೆ ಮಾಡುವುದು ಬೇಡ. ಕೃಷಿ ವಿಜ್ಞಾನ ಕೇಂದ್ರಗಳಲ್ಲಿ, ಗೊಬ್ಬರದಂಗಡಿಗಳಲ್ಲಿ ಟ್ರೈಕೋಡರ್ಮಾ, ಸ್ಯೂಡೋಮೋನಾಸ್ ಎಂಬ ರೋಗ ತಡೆಯುವ ಜೀವಾಣುಗಳ ಪುಡಿ ಸಿಗುತ್ತದೆ. ಲೀಟರ್ ನೀರಿಗೆ 10 ಗ್ರಾಂ ಕಲಸಿ ಸಸಿಯ ಬೇರು ಅದ್ದಿ ನೆಟ್ಟರೆ ಬುಡ ಕೊಳೆಯುವ ರೋಗ ಕಡಿಮೆ. ಕೊಳ್ಳುವಾಗ ಪೊಟ್ಟಣದ ದಿನಾಂಕ ನೋಡಿ. ಅದರಲ್ಲಿರುವುದು ಜೀವಾಣು, ಅವಧಿ ಮೀರಿದರೆ ಬರೀ ಪುಡಿ.

ನೀರು ಮತ್ತು ಹೊದಿಕೆ

ಬೆರಳನ್ನು ಎರಡನೇ ಗೆಣ್ಣಿನವರೆಗೆ ಮಣ್ಣಿಗೆ ತೂರಿಸಿ. ಒಣಗಿದ್ದರೆ ಮಾತ್ರ ನೀರು, ಹಾಕಿದರೆ ತಳದಿಂದ ಹನಿಯುವಷ್ಟು. ದಿನಾ ಒಂದೊಂದು ಚೊಂಬು ಎಂಬ ಲೆಕ್ಕ ಮಳೆಗಾಲದಲ್ಲಿ ಬೇರು ಕೊಳೆಸುತ್ತದೆ, ಏಪ್ರಿಲ್‌ನಲ್ಲಿ ಗಿಡ ಒಣಗಿಸುತ್ತದೆ. ಬೆಳಗಿನ ಹೊತ್ತು ಒಳ್ಳೆಯದು, ಬುಡಕ್ಕೇ ಹಾಕಿ. ಮಣ್ಣಿನ ಮೇಲೆ ಎರಡು ಇಂಚು ತರಗೆಲೆ, ಒಣಹುಲ್ಲು ಅಥವಾ ಕಬ್ಬಿನ ರವದಿ ಹೊದಿಸಿದರೆ ನೀರಿನ ಖರ್ಚು ಕಣ್ಣಿಗೆ ಕಾಣುವಷ್ಟು ಇಳಿಯುತ್ತದೆ. ಟೊಮೆಟೊ ಕಾಯಿಯ ತುದಿ ಕಪ್ಪಾಗಿ ಕೊಳೆಯುವುದಕ್ಕೆ ಎಲ್ಲರೂ ಸುಣ್ಣದಂಶದ ಕೊರತೆ ಎಂದು ಮೊಟ್ಟೆಯ ಚಿಪ್ಪು ಹಾಕುತ್ತಾರೆ. ಚಿಪ್ಪು ಕರಗಲು ವರ್ಷ ಬೇಕು. ಹೆಚ್ಚಿನ ಸಲ ಸುಣ್ಣದಂಶ ಮಣ್ಣಿನಲ್ಲೇ ಇರುತ್ತದೆ, ಎರಡು ದಿನ ಒಣಗಿಸಿ ಮೂರನೇ ದಿನ ಮುಳುಗಿಸುವ ನೀರಿನಿಂದಾಗಿ ಕಾಯಿಗೆ ತಲುಪುವುದಿಲ್ಲ. ಹೊದಿಕೆ ಹಾಕಿ ನೀರು ಒಂದೇ ಹದದಲ್ಲಿ ಕೊಡಿ.

ಮೇಲುಗೊಬ್ಬರ

ಕುಂಡದ ಗಿಡ ತಿಂಗಳಿಗೊಮ್ಮೆ ಕೇಳುತ್ತದೆ. ಎರಡು ಹಿಡಿ ಕಾಂಪೋಸ್ಟ್ ಬುಡದ ಸುತ್ತ ಕೆದಕಿ ಸೇರಿಸಿ. ಹೂ ಬಿಡುವ ಮೊದಲು ಕಡಲೆಕಾಯಿ ಹಿಂಡಿಯ ನೀರು: 100 ಗ್ರಾಂ ಹಿಂಡಿಯನ್ನು ಒಂದು ಲೀಟರ್ ನೀರಿನಲ್ಲಿ ಮೂರು ದಿನ ಕೊಳೆಸಿ, ಹತ್ತು ಪಾಲು ನೀರು ಬೆರೆಸಿ, ಗಿಡಕ್ಕೆ ಅರ್ಧ ಲೀಟರ್. ವಾಸನೆ ಜೋರು, ನೆರೆಮನೆಯಲ್ಲಿ ಪೂಜೆ ಇರುವ ದಿನ ಬೇಡ.

ಜೀವಾಮೃತವನ್ನು ಶೂನ್ಯ ಬಂಡವಾಳ ಕೃಷಿಯ ಸುಭಾಷ್ ಪಾಳೇಕರ್ ಎಕರೆಗೆ 200 ಲೀಟರ್ ಲೆಕ್ಕದಲ್ಲಿ ಹೇಳಿದ್ದು. ಮನೆಗೆ ಇಳಿಸಿದರೆ 20 ಲೀಟರ್ ನೀರಿಗೆ 1 ಕೆಜಿ ತಾಜಾ ಸಗಣಿ, 1 ಲೀಟರ್ ಗಂಜಲ, 200 ಗ್ರಾಂ ಬೆಲ್ಲ, 200 ಗ್ರಾಂ ಕಡಲೆ ಅಥವಾ ಹುರುಳಿ ಹಿಟ್ಟು, ಒಂದು ಹಿಡಿ ಮಣ್ಣು. ನೆರಳಿನಲ್ಲಿ ಗೋಣಿ ಮುಚ್ಚಿ ಎರಡು ದಿನ ಇಟ್ಟು, ಬೆಳಿಗ್ಗೆ ಸಂಜೆ ಕೋಲಿನಿಂದ ತಿರುವಿ, ವಾರದೊಳಗೆ ಹತ್ತರಷ್ಟು ನೀರು ಬೆರೆಸಿ ಬುಡಕ್ಕೆ ಬಿಡಿ. ಇದು ಮಣ್ಣಿನ ಜೀವಾಣುಗಳಿಗೆ ಒತ್ತಾಸೆ, ಪೋಷಕಾಂಶ ಬಹಳ ಕಡಿಮೆ. ಕಾಂಪೋಸ್ಟ್ ಹಾಕದೆ ಬರೀ ಜೀವಾಮೃತದಿಂದ ಕುಂಡದಲ್ಲಿ ಕಾಯಿ ನಿರೀಕ್ಷಿಸಬೇಡಿ. ಹಸಿ ಸಗಣಿ ಇರುವುದರಿಂದ ಕೊತ್ತಂಬರಿ, ಪುದೀನದಂತಹ ಹಸಿಯಾಗಿ ತಿನ್ನುವ ಸೊಪ್ಪಿನ ಎಲೆಗೆ ಎಂದೂ ಸೋಕಿಸಬೇಡಿ.

ಹುಳ, ರೋಗ: ಮೊದಲು ಎಲೆ ತಿರುಗಿಸಿ ನೋಡಿ

ದಿನಾ ಬೆಳಿಗ್ಗೆ ಕಾಫಿ ಲೋಟ ಹಿಡಿದು ಐದು ನಿಮಿಷ ಎಲೆಗಳ ಅಡಿಭಾಗ ನೋಡುವುದು ಯಾವ ಕಷಾಯಕ್ಕಿಂತಲೂ ಮೇಲು. ಮೊಟ್ಟೆಯ ಗುಂಪು, ನಾಲ್ಕೈದು ಸಸ್ಯಹೇನು ಇದ್ದಾಗ ಬೆರಳಿನಿಂದ ಉಜ್ಜಿದರೆ ಮುಗಿಯಿತು. ನೀರಿನ ಪೈಪಿನಿಂದ ಜೋರಾಗಿ ತೊಳೆದರೆ ಹೇನು, ಹಿಟ್ಟು ತಿಗಣೆ ಅರ್ಧಕ್ಕರ್ಧ ಹೋಗುತ್ತವೆ. ಇರುವೆ ಸಾಲು ಗಿಡ ಹತ್ತುತ್ತಿದ್ದರೆ ಮೇಲೆ ಹೇನೋ ತಿಗಣೆಯೋ ಇದೆ ಎಂದೇ ಅರ್ಥ. ಅವು ಸುರಿಸುವ ಸಿಹಿ ಅಂಟಿಗಾಗಿ ಇರುವೆ ಅವನ್ನು ಕಾಯುತ್ತದೆ, ಮೊದಲು ಇರುವೆಯ ದಾರಿ ಕಟ್ಟಿ.

ಹಿಟ್ಟು ತಿಗಣೆಯ ಗುಂಪಿನಲ್ಲಿ ಅದರಂತೆಯೇ ಬಿಳಿ ನೂಲು ನೂಲಾಗಿ, ಆದರೆ ಎರಡು ಮೂರರಷ್ಟು ದೊಡ್ಡದಾಗಿ, ಚುರುಕಾಗಿ ಓಡಾಡುವ ಹುಳು ಕಂಡರೆ ಕೈ ತಡೆಯಿರಿ. ಅದು ಕ್ರಿಪ್ಟೋಲೀಮಸ್ ಎಂಬ ಗುಲಗಂಜಿ ಹುಳುವಿನ ಮರಿ, ತಿಗಣೆಯನ್ನೇ ತಿಂದು ಬೆಳೆಯುತ್ತದೆ. ಗಾಬರಿಯಲ್ಲಿ ಅದನ್ನೇ ಮೊದಲು ಕೊಲ್ಲುವವರು ಹೆಚ್ಚು. 2008ರಲ್ಲಿ ಕೊಯಮತ್ತೂರಿನಲ್ಲಿ ಕಾಣಿಸಿಕೊಂಡ ಪಪ್ಪಾಯಿ ಹಿಟ್ಟು ತಿಗಣೆ ಕರ್ನಾಟಕಕ್ಕೂ ಹಬ್ಬಿ ಪಪ್ಪಾಯಿ, ಹಿಪ್ಪುನೇರಳೆ ತೋಟಗಳನ್ನು ಹಾಳುಮಾಡಿದಾಗ ಕೊನೆಗೆ ಹಿಡಿತಕ್ಕೆ ತಂದದ್ದು ಔಷಧಿಯಲ್ಲ. 2010ರಲ್ಲಿ ಪೋರ್ಟೊ ರಿಕೊದಿಂದ ತರಿಸಿ ಬೆಂಗಳೂರಿನ ಹೆಬ್ಬಾಳದ ಕೃಷಿ ಕೀಟ ಸಂಶೋಧನಾ ಸಂಸ್ಥೆಯಲ್ಲಿ ಸಾಕಿ ಬಿಟ್ಟ ಅಸಿರೋಫೇಗಸ್ ಎಂಬ ಚಿಕ್ಕ ಕಣಜ. ಮಿತ್ರಕೀಟಗಳನ್ನು ಉಳಿಸಿಕೊಳ್ಳಿ ಎಂದು ಹೇಳುವುದು ಈ ಕಾರಣಕ್ಕೆ.

ಮೆಣಸಿನಗಿಡದ ಎಲೆ ಮುದುಡಿದರೆ ಹೇಗೆ ಮುದುಡಿದೆ ನೋಡಿ. ಅಂಚು ಮೇಲಕ್ಕೆ ಮಡಚಿಕೊಂಡು ದೋಣಿಯಾಕಾರವಾಗಿದ್ದರೆ ಥ್ರಿಪ್ಸ್ ಎಂಬ ರಸ ಹೀರುವ ಪುಟ್ಟ ಕೀಟ. ಅಂಚು ಕೆಳಕ್ಕೆ ಬಾಗಿ ಎಲೆ ಕಿರಿದಾಗಿದ್ದರೆ ಮೈಟ್ ನುಸಿ. ಥ್ರಿಪ್ಸ್‌ಗೆ ಬೇವಿನ ಎಣ್ಣೆ ನಡೆಯುತ್ತದೆ. ನುಸಿಗೆ ನೀರಿನಲ್ಲಿ ಕರಗುವ ಗಂಧಕ ಲೀಟರಿಗೆ 2-3 ಗ್ರಾಂ ಹೆಚ್ಚು ಗುಣ. ಆದರೆ ಸುಡು ಬಿಸಿಲಿನಲ್ಲಿ ಬೇಡ, ಬೇವಿನ ಎಣ್ಣೆ ಹೊಡೆದ ಎರಡು ವಾರದೊಳಗೂ ಬೇಡ, ಎಲೆ ಸುಡುತ್ತದೆ.

ಬೇವಿನ ಎಣ್ಣೆ ಹೊಡೆಯುವ ಕ್ರಮ ಇದು: 5 ಮಿಲಿ ಎಣ್ಣೆಯನ್ನು 1-2 ಮಿಲಿ ಸೋಪಿನ ದ್ರಾವಣ ಅಥವಾ ಅಂಟುವಾಳದ ನೊರೆಯ ಜೊತೆ ಸ್ವಲ್ಪ ಉಗುರುಬೆಚ್ಚಗಿನ ನೀರಿನಲ್ಲಿ ಹಾಲಿನ ಬಣ್ಣ ಬರುವವರೆಗೆ ಕಡೆದು, ಆಮೇಲೆ ಲೀಟರಿಗೆ ತುಂಬಿಸಿ. ಎಣ್ಣೆ ಮೇಲೆ ತೇಲುತ್ತಿದ್ದರೆ ಹೊಡೆಯಬೇಡಿ. ಸಂಜೆ, ಎಲೆಯ ಅಡಿಭಾಗಕ್ಕೆ, ವಾರಕ್ಕೊಮ್ಮೆ. ಬೇವಿನ ಸತ್ವ ಬಿಸಿಲಿಗೆ ಬೇಗ ಕೆಡುತ್ತದೆ, ಜೇನುನೊಣವೂ ಸಂಜೆ ಇರುವುದಿಲ್ಲ. ಹುಳು ಅಂದೇ ಸಾಯುವುದಿಲ್ಲ, ತಿನ್ನುವುದು ಬಿಟ್ಟು, ಪೊರೆ ಕಳಚಲಾಗದೆ ನಿಧಾನವಾಗಿ ಸಾಯುತ್ತದೆ. ಎರಡು ದಿನ ಕಾಯದೆ ಮತ್ತೆ ಮತ್ತೆ ಹೊಡೆದು ಎಲೆ ಸುಟ್ಟುಕೊಳ್ಳುವವರು ಬಹಳ. ಹೊಗೆಸೊಪ್ಪಿನ ಕಷಾಯ ಮಾತ್ರ ಬೇಡವೇ ಬೇಡ. ಸಸ್ಯಮೂಲವಾದರೂ ನಿಕೋಟಿನ್ ವಿಷವೇ, ಜೊತೆಗೆ ಟೊಮೆಟೊಗೆ ವೈರಸ್ ತಗಲಿಸಬಹುದು.

ಎಲೆಯ ಮೇಲೆ ಬೂದಿ ಉದುರಿಸಿದಂತೆ ಬಿಳಿಯಾದರೆ ಒಂದು ಪಾಲು ಹುಳಿ ಮಜ್ಜಿಗೆಗೆ ಹತ್ತು ಪಾಲು ನೀರು ಸೇರಿಸಿ ಹೊಡೆಯಿರಿ, ಶುರುವಿನಲ್ಲಿ ಕೆಲಸ ಮಾಡುತ್ತದೆ.

ಕೆಲವಕ್ಕೆ ಮದ್ದಿಲ್ಲ. ಟೊಮೆಟೊ ಎಲೆ ಮುದುಡಿ, ಹಳದಿಯಾಗಿ, ಗಿಡ ಗಿಡ್ಡವಾದರೆ ಬಿಳಿ ನೊಣ ತಂದ ವೈರಸ್, ಕಿತ್ತು ಹಾಕಿ. ಹಸಿರಾಗಿದ್ದ ಗಿಡ ಒಂದೆರಡು ದಿನದಲ್ಲಿ ಜೋತುಬಿದ್ದರೆ ಬುಡದ ಕಾಂಡ ಕತ್ತರಿಸಿ ಒಂದು ಗಾಜಿನ ಲೋಟದ ನೀರಿನಲ್ಲಿ ತುದಿ ಅದ್ದಿ ಹಿಡಿಯಿರಿ. ಕೆಲ ನಿಮಿಷದಲ್ಲಿ ಹಾಲಿನ ಎಳೆಯಂತೆ ಬಿಳಿ ದ್ರವ ಇಳಿದರೆ ದುಂಡಾಣು ಸೊರಗು ರೋಗ. ಆ ಮಣ್ಣಿನಲ್ಲಿ ಟೊಮೆಟೊ, ಬದನೆ, ಮೆಣಸು ಮತ್ತೆ ಬೇಡ, ಸೊಪ್ಪು, ಅಲಸಂದೆ ಹಾಕಿ. ಕರಾವಳಿಯಲ್ಲಿ ಇದರ ಕಾಟ ಜಾಸ್ತಿ. ಸುಂಡೆ ಗಿಡಕ್ಕೆ ಕಸಿ ಕಟ್ಟಿದ ಬದನೆ ತಾಳಿಕೊಳ್ಳುತ್ತದೆ.

ಬಸವನಹುಳುವನ್ನು ರಾತ್ರಿ ಟಾರ್ಚ್ ಹಿಡಿದು ಆರಿಸಬೇಕು, ಬೇರೆ ದಾರಿ ಇಲ್ಲ. ಕೋತಿ ಬರುವ ಬಡಾವಣೆಯವರು ಪಂಜರದಂತೆ ಬಲೆ ಕಟ್ಟಿಸಿ, ಇಲ್ಲವೇ ಅರಿಸಿನ, ಶುಂಠಿ, ದೊಡ್ಡಪತ್ರೆ, ಹಾಗಲಕ್ಕೆ ತೃಪ್ತಿಪಡಿ.

ಬಳ್ಳಿಗೆ ಹೂವಿದೆ, ಕಾಯಿಲ್ಲ ಎಂದರೆ

ಹಾಗಲ, ಹೀರೆ, ಕುಂಬಳದಲ್ಲಿ ಮೊದಲು ಬರುವುದೆಲ್ಲ ಗಂಡು ಹೂವು, ಉದುರಲಿ. ಹೆಣ್ಣು ಹೂವಿನ ಹಿಂದೆ ಪುಟ್ಟ ಕಾಯಿ ಅಂಟಿಕೊಂಡೇ ಇರುತ್ತದೆ. ಆ ಪುಟ್ಟ ಕಾಯಿ ಹಳದಿಯಾಗಿ ಉದುರುತ್ತಿದ್ದರೆ ಪರಾಗ ತಲುಪಿಲ್ಲ. ಎತ್ತರದ ಮಹಡಿಗಳಿಗೆ ಜೇನುನೊಣ ಬರುವುದು ಕಡಿಮೆ. ಗಂಡು ಹೂವು ಕಿತ್ತು, ಎಸಳು ತೆಗೆದು, ನಡುವಿನ ಹಳದಿ ಪುಡಿಯನ್ನು ಹೆಣ್ಣು ಹೂವಿನ ಮಧ್ಯಕ್ಕೆ ಒರೆಸಿ. ಕುಂಬಳ, ಹಾಗಲಕ್ಕೆ ಬೆಳಿಗ್ಗೆ, ಹೀರೆಗೆ ಸಂಜೆ. ಅದು ಅರಳುವುದೇ ಸಂಜೆ. ಕಾಯಿ ಹೆಬ್ಬೆರಳ ಗಾತ್ರವಾದ ಕೂಡಲೇ ಕಾಗದದ ಚೀಲ ಕಟ್ಟಿದರೆ ಹಣ್ಣು ನೊಣ ಚುಚ್ಚುವುದಿಲ್ಲ. ಚುಚ್ಚಿ ಕೊಳೆತದ್ದನ್ನು ಗೊಬ್ಬರದ ಡಬ್ಬಕ್ಕೆ ಹಾಕದೆ ಕುದಿನೀರು ಸುರಿದು ಎಸೆಯಿರಿ.

ಬೆಳೆ ಮುಗಿದ ಮೇಲೆ

ಮಣ್ಣು ಎಸೆಯಬೇಡಿ. ಕುಂಡ ಬೋರಲು ಹಾಕಿ, ದಪ್ಪ ಬೇರು ಆರಿಸಿ ನೋಡಿ. ಅಲಸಂದೆ, ಬೀನ್ಸ್ ಜಾತಿ ಬಿಟ್ಟು ಉಳಿದ ಗಿಡಗಳ ಬೇರಿನಲ್ಲಿ ಮಣಿಮಣಿಯಂತೆ ಗಂಟುಗಳಿದ್ದರೆ ಜಂತುಹುಳು (ನೆಮಟೋಡ್) ಇದೆ. ಆ ಮಣ್ಣನ್ನು ಏಪ್ರಿಲ್ ಬಿಸಿಲಿನಲ್ಲಿ ತೇವ ಮಾಡಿ, ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಹೊದಿಸಿ ನಾಲ್ಕರಿಂದ ಆರು ವಾರ ಕಾಯಿಸಿ, ಆಮೇಲೆ ಒಂದು ಬೆಳೆ ಚೆಂಡುಹೂ ಹಾಕಿ. ಗಂಟಿಲ್ಲದಿದ್ದರೆ ವಾರ ಒಣಗಿಸಿ, ಮೂರನೇ ಒಂದು ಪಾಲು ಹೊಸ ಕಾಂಪೋಸ್ಟ್, ಒಂದು ಹಿಡಿ ಬೇವಿನ ಹಿಂಡಿ ಸೇರಿಸಿದರೆ ಸಾಕು. ಬದನೆ ಜಾತಿಯ ನಂತರ ಅಲಸಂದೆ, ಬೀನ್ಸ್ ಜಾತಿ, ಅದರ ನಂತರ ಸೊಪ್ಪು, ಹೀಗೆ ಬದಲಿಸುತ್ತ ಹೋಗಿ.

ನಾಟಿ ತಳಿಯಾದರೆ ಬೀಜವನ್ನೂ ಎತ್ತಿಡಿ. ಗಿಡದ ಮೊದಲ ಚೆಂದದ ಕಾಯಿಗಳಲ್ಲೇ ಒಂದೆರಡಕ್ಕೆ ದಾರ ಕಟ್ಟಿ ಬಿಡಿ, ಕೊನೆಗೆ ಉಳಿದ ಸೊಟ್ಟ ಕಾಯಿಯಲ್ಲ. ಬೆಂಡೆ, ಅಲಸಂದೆ ಗಿಡದಲ್ಲೇ ಒಣಗಲಿ; ಬದನೆ ಹಳದಿಗೆ ತಿರುಗಿ ಮೆತ್ತಗಾಗಲಿ; ಟೊಮೆಟೊ ಬೀಜವನ್ನು ಅದರ ಲೋಳೆಯ ಜೊತೆ ಎರಡು ದಿನ ಹುಳಿಯಿಟ್ಟು ತೊಳೆಯಿರಿ. ನೆರಳಿನಲ್ಲಿ ಒಣಗಿಸಿ, ಒಲೆಯ ಬೂದಿ ಬೆರೆಸಿ, ತಿಂಗಳು, ವರ್ಷ ಬರೆದ ಚೀಟಿಯೊಂದಿಗೆ ಡಬ್ಬದಲ್ಲಿಡಿ. ಬದನೆ, ಟೊಮೆಟೊ ಬೀಜ ಮೂರು ನಾಲ್ಕು ವರ್ಷವಾದರೂ ಮೊಳೆಯುತ್ತದೆ. ಈರುಳ್ಳಿ ಬೀಜವನ್ನು ಮಾತ್ರ ಮುಂದಿನ ಹಂಗಾಮಿನಲ್ಲೇ ಬಿತ್ತಿ ಮುಗಿಸಿ.